97 ರೂಪಾಯಿಯ ರಾತ್ರಿಯೂಟ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಅಡಿಗೆಯ ಮೇಲೆ ಲೇಖನವೇ ಎಂದು ಮೂಗು ಮುರಿಯುವ ಮಿತ್ರರು ಇಲ್ಲದಿಲ್ಲ. ಸಾಹಿತ್ಯ, ರಾಜಕೀಯ, ಯುವಜನರ ಹೊಣೆ, ರಾಷ್ಟ್ರನಿರ್ಮಾಣ ಇವೇ ಮೊದಲಾದ ಗಹನ ವಿಷಯಗಳು ಪ್ರತಿವರ್ಷವೂ ನಮ್ಮ ಸಂಚಿಕೆಯನ್ನು ಅಲಂಕರಿಸುತ್ತವೆ. ಈ ಸಲವೂ ಅಲಂಕರಿಸಿಯೇ ಇರುತ್ತವೆ. ಆದರೆ ಅವನ್ನು ಬರೆದವರೂ, ಓದುವವರೂ, ತಿದ್ದಿದ ಮೇಷ್ಟ್ರೂ ಸಂಜೆ ಮನೆಗೆ ಹೋದ ಮೇಲೆ ಮೊದಲು ಕೇಳುವ ಪ್ರಶ್ನೆ ರಾಷ್ಟ್ರನಿರ್ಮಾಣದ್ದಲ್ಲ, “ಇವತ್ತು ಸಾರೇನು?” ಎಂಬುದೇ ಆಗಿರುತ್ತದೆ. ದಿನಕ್ಕೊಮ್ಮೆ ಪ್ರತಿಯೊಂದು ಮನೆಯಲ್ಲೂ ಏಳುವ ಪ್ರಶ್ನೆಗೆ ಸಂಚಿಕೆಯ ನಾಲ್ಕು ಪುಟ ಸಲ್ಲಬಾರದೇಕೆ?

ನಾನು ಅರ್ಥಶಾಸ್ತ್ರವನ್ನೂ ಕನ್ನಡವನ್ನೂ ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿನಿ. ನಮ್ಮ ಮನೆ ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿದೆ. ಕಾಲುವೆಯ ನೀರು ಹರಿಯದ, ಮಳೆಯನ್ನು ನೆಚ್ಚಿದ ರಾಗಿಯ ಸೀಮೆ ಅದು. ಅಪ್ಪ ಒಂದೂವರೆ ಎಕರೆ ಹೊಲ ಮಾಡುತ್ತಾರೆ. ಅವ್ವ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುತ್ತಾಳೆ. ಬೆಳಿಗ್ಗೆ ಏಳಕ್ಕೆ ಕಾರ್ಖಾನೆಯ ಬಸ್ಸು ಹತ್ತಿದರೆ ಮರಳಿ ಇಳಿಯುವುದು ರಾತ್ರಿ ಏಳೂವರೆಗೆ. ಅಜ್ಜಿ, ಅಪ್ಪ, ಅವ್ವ, ಪಿ.ಯು.ಸಿ. ಓದುವ ತಮ್ಮ ಮತ್ತು ನಾನು, ಹೀಗೆ ಐವರು. ರಾತ್ರಿಯ ಅಡಿಗೆ ಮೂರು ವರ್ಷದಿಂದ ನನ್ನದು. ಆದ್ದರಿಂದ ಈ ವಿಷಯದಲ್ಲಿ ಮಾತನಾಡಲು ನನಗೆ ಅಧಿಕಾರವುಂಟೆಂದು ವಾಚಕರು ಒಪ್ಪಿಕೊಳ್ಳಬೇಕು.

ಎಂಗೆಲ್ ಎಂಬ ಜರ್ಮನ್ ಸಂಖ್ಯಾಶಾಸ್ತ್ರಜ್ಞ 1857ರಲ್ಲಿ ಹೇಳಿದ ನಿಯಮವನ್ನು ನಮ್ಮ ತರಗತಿಯವರೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ: ಆದಾಯ ಏರಿದಂತೆಲ್ಲ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಇಳಿಯುತ್ತದೆ. ನಮ್ಮ ದೇಶದಲ್ಲಿಯೂ ಇಳಿದಿದೆ. ಕೇಂದ್ರ ಸರ್ಕಾರದ 2022-23ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ಹಳ್ಳಿಯ ಮನೆಯ ಖರ್ಚಿನಲ್ಲಿ ಆಹಾರದ ಪಾಲು ಶೇಕಡಾ 46ರಷ್ಟು, ಪಟ್ಟಣದಲ್ಲಿ ಶೇಕಡಾ 39ರಷ್ಟು. ಇದರಲ್ಲಿ ಸೋಜಿಗವೇನೂ ಇಲ್ಲ. ಸೋಜಿಗವಿರುವುದು ಅದೇ ಪಟ್ಟಿಯ ಒಳಗಡೆ. ಹಳ್ಳಿಯವರು ಧಾನ್ಯಕ್ಕೆ ಖರ್ಚು ಮಾಡಿದ್ದು ಶೇಕಡಾ 4.91; ಪಾನೀಯ, ಉಪಾಹಾರ ಮತ್ತು ಸಿದ್ಧ ತಿನಿಸುಗಳಿಗೆ ಖರ್ಚು ಮಾಡಿದ್ದು ಶೇಕಡಾ 9.62. ಪುಕ್ಕಟೆ ದೊರೆಯುವ ಪಡಿತರ ಧಾನ್ಯದ ಬೆಲೆಯನ್ನು ಹಿಡಿಯದೆ ಹಾಕಿದ ಲೆಕ್ಕ ಇದು ಎಂಬುದನ್ನು ಮರೆಯಬಾರದು. ಆದರೂ ಹೊಲವಿರುವವರೇ ಪೊಟ್ಟಣದ ಗಿರಾಕಿಗಳಾಗಿದ್ದಾರೆ ಎಂಬುದು ತಿಳಿಯಲು ನನಗೆ ಸಮೀಕ್ಷೆಯ ಅಗತ್ಯವಿರಲಿಲ್ಲ. ನಮ್ಮೂರ ಬಸ್‌ ನಿಲ್ದಾಣದ ಬಳಿ ಸಂಜೆ ಆರಕ್ಕೆ ಗೋಬಿ ಮಂಚೂರಿಯ ಗಾಡಿಯ ಸುತ್ತ ನಿಲ್ಲುವ ಜನರನ್ನು ನೋಡಿದರೆ ಸಾಕು. 2024ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ಆ ತಿನಿಸಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಣ್ಣ ಸ್ವಲ್ಪ ಮಾಸಿತು, ಜನ ಮಾಸಲಿಲ್ಲ.

ಇಷ್ಟು ಹೇಳಿದೊಡನೆಯೇ ನಾನು ‘ಈ ಕಾಲದವರು ಕೆಟ್ಟರು’ ಎಂಬ ಹಳೆಯ ಹಾಡನ್ನು ಎತ್ತಿಕೊಂಡೆನೆಂದು ಯಾರೂ ತಿಳಿಯಬಾರದು. ಹಿಂದೆ ಒಂದು ಸಮಾರಂಭದಲ್ಲಿ ಅತಿಥಿಗಳಾಗಿ ಬಂದ ಹಿರಿಯರೊಬ್ಬರು, ಇಂದಿನ ಹೆಣ್ಣುಮಕ್ಕಳು ಒಲೆಯ ಮುಂದೆ ಕೂರುವುದನ್ನು ಬಿಟ್ಟದ್ದರಿಂದಲೇ ದೇಶದ ಆರೋಗ್ಯ ಹಾಳಾಯಿತು ಎಂದು ಅಪ್ಪಣೆ ಕೊಡಿಸಿದರು. ಚಪ್ಪಾಳೆಯೂ ಬಿತ್ತು. ರಾತ್ರಿ ಏಳೂವರೆಗೆ ಬಸ್ಸಿಳಿದು ಬರುವ ಹೆಂಗಸು ಮೂವತ್ತು ರೂಪಾಯಿಯ ನೂಡಲ್ಸ್ ಪೊಟ್ಟಣ ಹಿಡಿದು ಬಂದರೆ ಅದು ಸೋಮಾರಿತನವಲ್ಲ. ಅವಳಿಗೆ ಬೇಕಾದದ್ದು ಎರಡು ನಿಮಿಷ, ಆ ಪೊಟ್ಟಣದ ಮೇಲೆ ಬರೆದಿರುವುದೂ ಅದೇ. ಮಹನೀಯರಿಗೆ ಅಂದು ಉತ್ತರ ಹೇಳುವ ಅವಕಾಶವಿರಲಿಲ್ಲ. ಈಗ ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿಕೊಂಡು, ಅಡಿಗೆಮನೆಯ ಮೂಲಕವೇ.

ಕಳೆದ ಮಾಗಿಯಲ್ಲಿ ಒಂದು ತಿಂಗಳು ನಾನು ನಮ್ಮ ಮನೆಯ ರಾತ್ರಿಯೂಟದ ಲೆಕ್ಕವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟೆ. ಒಂದು ಸಾಮಾನ್ಯ ದಿನದ ಲೆಕ್ಕ ಹೀಗಿದೆ. ಐವರಿಗೆ ಮುದ್ದೆಯಾಗಲು 600 ಗ್ರಾಂ ರಾಗಿಹಿಟ್ಟು. ನಮ್ಮದೇ ಹೊಲದ ರಾಗಿ ತಾನೆ, ಅದಕ್ಕೇನು ಬೆಲೆ ಎಂದು ಅಜ್ಜಿ ಕೇಳಿದಳು. ಬೆಲೆ ಬರೆಯದಿದ್ದರೆ ಅಪ್ಪನ ಆರು ತಿಂಗಳ ದುಡಿಮೆಗೆ ಸೊನ್ನೆ ಹಾಕಿದಂತೆ. 2025-26ನೇ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಮಾರಿದ್ದರೆ ಬರುತ್ತಿದ್ದ ಆ ಹಣವನ್ನು ನಾವು ತಿನ್ನುತ್ತಿದ್ದೇವೆ. ಆದ್ದರಿಂದ ಬೀಸುವ ಕೂಲಿಯನ್ನೂ ಕೂಡಿಸಿ 32 ರೂಪಾಯಿ. ಹುರುಳಿ 150 ಗ್ರಾಂ, 12 ರೂಪಾಯಿ. ಸಂತೆಯಲ್ಲಿ ಕೊಂಡ ಎರಡು ಕಟ್ಟು ದಂಟಿನ ಸೊಪ್ಪು, 20 ರೂಪಾಯಿ. ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಿಸೆಹಣ್ಣು, ಒಂದು ಹೋಳು ಕಾಯಿ, ಎಲ್ಲ ಸೇರಿ 20. ಒಗ್ಗರಣೆಯ ಎಣ್ಣೆ 4. ಗ್ಯಾಸಿನ ಪಾಲು 9. ಕೊನೆಯಲ್ಲಿ ಒಂದು ಹಿಡಿ ಅನ್ನವುಂಟು, ಅದು ನ್ಯಾಯಬೆಲೆ ಅಂಗಡಿಯ ಅಕ್ಕಿ, ಹಣ ಕೊಟ್ಟದ್ದಲ್ಲ. ಒಟ್ಟು 97 ರೂಪಾಯಿ. ತಲೆಗೆ ಇಪ್ಪತ್ತಕ್ಕಿಂತ ಕಡಿಮೆ. ಬಸ್‌ ನಿಲ್ದಾಣದಲ್ಲಿ ಒಂದು ಪ್ಲೇಟು ಫ್ರೈಡ್‌ ರೈಸಿಗೆ 70 ರೂಪಾಯಿ. ಐದು ಪ್ಲೇಟು ಕಟ್ಟಿಸಿಕೊಂಡು ಬಂದರೆ 350, ಮತ್ತು ಅಜ್ಜಿ ತಿನ್ನುವುದಿಲ್ಲವಾದ್ದರಿಂದ ಅವಳಿಗೆ ಬೇರೆ ಗಂಜಿ.

ಈ 97 ರೂಪಾಯಿಗೆ ದೊರೆಯುವುದು ಏನೆಂಬುದನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಬಸ್ಸಾರಿನಂತಹ ಜಾಣ ಅಡಿಗೆ ಇನ್ನೊಂದಿರುವುದು ನನಗೆ ಕಾಣದು. ಒಂದೇ ಪಾತ್ರೆಯಲ್ಲಿ ಕಾಳನ್ನೂ ಸೊಪ್ಪನ್ನೂ ಬೇಯಿಸಿ, ನೀರನ್ನು ಬಸಿದು, ಆ ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ. ಬೆಂದ ನೀರನ್ನು ಚೆಲ್ಲುವ ಮಾತೇ ಇಲ್ಲ. ಸೊಪ್ಪಿನಿಂದ ನೀರಿಗಿಳಿದ ಸಾರವೆಲ್ಲ ಸಾರಿನಲ್ಲಿ ಮರಳಿ ಬರುತ್ತದೆ. ಹುರುಳಿಯನ್ನು ಬೆಳಿಗ್ಗೆಯೇ ನೆನೆಹಾಕಿರಬೇಕು. ನೆನೆಯದ ಹುರುಳಿ ಎಷ್ಟು ಕೂಗು ಕೂಗಿಸಿದರೂ ಹಲ್ಲಿಗೆ ಸಿಕ್ಕುತ್ತದೆ, ಗ್ಯಾಸನ್ನು ತಿನ್ನುತ್ತದೆ. ನೆನೆದ ಕಾಳು ಕುಕ್ಕರಿನಲ್ಲಿ ಆರೇಳು ಕೂಗಿಗೆ ಮೆತ್ತಗಾಗುತ್ತದೆ. ಅನಂತರ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಮುಚ್ಚಳವಿಲ್ಲದೆ ಒಂದು ಕುದಿ. ಬಸಿದುಕೊಂಡ ಮೇಲೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳನ್ನು ಬಾಡಿಸಿ, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಣಸು, ಕಾಯಿ, ಹುಣಿಸೆಹಣ್ಣು ಸೇರಿಸಿ, ಜೊತೆಗೆ ಬೆಂದ ಕಾಳು ಸೊಪ್ಪಿನದೇ ಒಂದು ಹಿಡಿ ಹಾಕಿ ರುಬ್ಬಬೇಕು. ಈ ಕೊನೆಯ ಹಿಡಿಯೇ ಸಾರಿಗೆ ಮೈ ಕೊಡುವುದು. ಅದನ್ನು ಬಿಟ್ಟು ಬರಿಯ ಮಸಾಲೆ ಕಲಸಿದವರ ಸಾರು ತಟ್ಟೆಯಲ್ಲಿ ಓಡುತ್ತದೆ. ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರಾಯಿತು; ಬಸಿದ ಕಾಳು ಸೊಪ್ಪಿಗೆ ಸಾಸಿವೆ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಸಮಯ ಇನ್ನೂ ಕಡಿಮೆಯಿದ್ದರೆ ಉಪ್ಪೆಸಾರು: ಕಟ್ಟಿಗೆ ಉಪ್ಪಲ್ಲದೆ ಬೇರೇನನ್ನೂ ಬೆರೆಸದೆ, ಹಸಿಮೆಣಸಿನಕಾಯಿಯ ಖಾರವನ್ನು ಪಕ್ಕದಲ್ಲಿ ಅರೆದಿಟ್ಟು, ಅವರವರ ನಾಲಗೆಗೆ ತಕ್ಕಂತೆ ಕಲಸಿಕೊಳ್ಳುವುದು. ಅಜ್ಜಿಗೂ ತಮ್ಮನಿಗೂ ಖಾರದ ವಿಷಯದಲ್ಲಿ ಇರುವ ವೈಮನಸ್ಯ ಆ ಒಂದು ದಿನ ಮಾತ್ರ ಶಮನವಾಗುತ್ತದೆ.

ಇನ್ನು ಮುದ್ದೆ. ಪಟ್ಟಣದ ಗೆಳತಿಯರು ಇದಕ್ಕೆ ಹೆದರುತ್ತಾರೆ. ಹಿಟ್ಟಿಗೆ ಎರಡರಷ್ಟು ನೀರು. ಒಂದೆರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಅದಕ್ಕೆ ಸುರಿದು ಕುದಿಸಿ, ಉಳಿದ ಹಿಟ್ಟನ್ನು ನಡುವೆ ಗೋಪುರದ ಹಾಗೆ ಹಾಕಿ, ಕೋಲನ್ನು ಮಧ್ಯದಲ್ಲಿ ನೆಟ್ಟು ಕೈ ಕಟ್ಟಿಕೊಂಡು ಕೂತುಬಿಡಬೇಕು. ಆತುರಪಟ್ಟು ಕಲಕಿದವರಿಗೆ ಗಂಟು ಕಟ್ಟಿಟ್ಟದ್ದೇ. ಸುತ್ತಲಿನ ನೀರು ಉಕ್ಕಿ ಉಕ್ಕಿ ಹಿಟ್ಟು ಬೆಂದ ವಾಸನೆ ಬಂದಾಗ ಒಲೆ ಸಣ್ಣಗೆ ಮಾಡಿ, ಪಾತ್ರೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ತೊಳಸಬೇಕು. ಗೋಧಿಯಲ್ಲಿರುವ ಜಿಗುಟು ರಾಗಿಯಲ್ಲಿಲ್ಲ. ಅದನ್ನು ಒಂದುಗೂಡಿಸುವುದು ಬಿಸಿ ಮತ್ತು ತೋಳಬಲ. ಈ ತೋಳಬಲದ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ರಾಗಿಯ ಗುಣಗಾನವನ್ನು ನಾನು ಉದ್ದ ಮಾಡುವುದಿಲ್ಲ. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಂದಿನಿಂದ ಗುಣಗಾನ ಬೇಕಾದಷ್ಟಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಸುಣ್ಣದಂಶ, ಪಾಲಿಷ್‌ ಮಾಡಿದ ಅಕ್ಕಿಗೆ ಹತ್ತು ಮಿಲಿಗ್ರಾಮೂ ಇಲ್ಲ. ಅದರಲ್ಲಿ ಎಲ್ಲವೂ ಮೈಗೆ ಹತ್ತುವುದಿಲ್ಲ, ಧಾನ್ಯದಲ್ಲಿರುವ ಫೈಟಿಕ್‌ ಆಮ್ಲ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನೂ ಸೇರಿಸಿಯೇ ಹೇಳಬೇಕು. ಆದರೂ ಅಂತರ ಅಂತರವೇ. ಹುರುಳಿಯಲ್ಲಿ ತೊಗರಿಬೇಳೆಯಲ್ಲಿರುವಷ್ಟೇ, 100 ಗ್ರಾಮಿಗೆ ಸುಮಾರು 22 ಗ್ರಾಂ, ಸಸಾರಜನಕವುಂಟು. ಬೆಲೆ ಮಾತ್ರ ಅದಕ್ಕಿಂತ ಬಹಳ ಕಡಿಮೆ. ಕುದುರೆಗೆ ಹಾಕುವ ಕಾಳೆಂದು ಇಂಗ್ಲಿಷಿನಲ್ಲಿ ಅದಕ್ಕೆ ಹೆಸರಿಟ್ಟವರು ಹುರುಳಿಕಟ್ಟಿನ ಸಾರನ್ನು ಉಂಡಿರಲಿಕ್ಕಿಲ್ಲ.

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಕನ್ನಡ ತರಗತಿಯಲ್ಲಿ ಓದುವಾಗ ನಮ್ಮವರೆಲ್ಲ ರಾಗಿ ಗೆದ್ದಿತೆಂದು ಹಿಗ್ಗುತ್ತಾರೆ. ನರೆದಲೆಗನಿಗೂ ವ್ರೀಹಿಗೂ ಜಗಳ ಬಿದ್ದು, ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಅಕ್ಕಿ ಕೆಟ್ಟು ರಾಗಿ ಉಳಿದ ಕಥೆ ಅದು. ಆದರೆ ಒಂದು ಮಾತನ್ನು ಗಮನಿಸಬೇಕು. ರಾಮ ಅಲ್ಲಿ ಪರೀಕ್ಷಿಸಿದ್ದು ರುಚಿಯನ್ನಲ್ಲ, ಬಾಳಿಕೆಯನ್ನು. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಧಾನ್ಯವೇ ಬರಗಾಲದ ಸೀಮೆಗೆ ದೊರೆ. ನಮ್ಮ ಕಾಲದಲ್ಲಿ ಜಗಳದ ತೀರ್ಪು ಬೇರೆ ರೀತಿ ಆಗುತ್ತಿದೆ. ಅಕ್ಕಿ ಪುಕ್ಕಟೆ, ರಾಗಿಗೆ ಐವತ್ತು ರೂಪಾಯಿ. 2013ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಆರಂಭವಾಯಿತು. 2023ರ ಜನವರಿಯಿಂದ ಆಹಾರ ಭದ್ರತಾ ಕಾಯಿದೆಯ ಧಾನ್ಯಕ್ಕೆ ಇಡೀ ದೇಶದಲ್ಲಿ ಹಣ ತೆಗೆದುಕೊಳ್ಳುವುದು ನಿಂತಿತು. ಇದನ್ನು ಆಕ್ಷೇಪಿಸುವವರ ಗುಂಪಿಗೆ ನಾನು ಸೇರಿದವಳಲ್ಲ. ಹಸಿವನ್ನು ಕಂಡರಿಯದವರು ಆಡುವ ಮಾತು ಅದು. ನಮ್ಮಜ್ಜಿ ತನ್ನ ಬಾಲ್ಯದಲ್ಲಿ ಅಂಬಲಿಗೂ ಲೆಕ್ಕವಿಟ್ಟು ಕುಡಿದವಳು, ಅಕ್ಕಿಯ ಚೀಲ ಮನೆಗೆ ಬಂದ ದಿನ ಈಗಲೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ನಾನು ಕೇಳುವುದು ಇಷ್ಟೇ: ನಮ್ಮ ಕಡೆಯ ಅಂಗಡಿಗಳಲ್ಲಿ ಕೆಲವು ತಿಂಗಳು ಅಕ್ಕಿಯೊಡನೆ ಬರುವ ರಾಗಿ ಎಲ್ಲ ತಿಂಗಳೂ ಬರಲಿ, ಅದರ ಜೊತೆಗೆ ನಮ್ಮದೇ ನೆಲದ ಹುರುಳಿಯೋ ಅವರೆಯೋ ಎರಡು ಕೆ.ಜಿ. ಬರಲಿ. ನಮ್ಮ ಹೊಲದಲ್ಲಿ ಬೆಳೆದದ್ದನ್ನು ಕೊಂಡು ನಮ್ಮ ತಟ್ಟೆಗೇ ಬಡಿಸುವುದಕ್ಕೆ ಲಾರಿ ಬಹಳ ದೂರ ಓಡಬೇಕಾಗಿಲ್ಲ.

ದಿನವೂ ಬಸ್ಸಾರೇ ಎಂದು ಕೇಳುವಿರಿ. ಅಲ್ಲ. ಪುಷ್ಯ ಬಂದರೆ ಅವರೆಕಾಳು, ಹಿತಕಿದ ಬೇಳೆ. ಆಗ ಊರಿಗೆ ಊರೇ ಸೊನೆಯ ವಾಸನೆ ಹೊಡೆಯುತ್ತಿರುತ್ತದೆ. ಬೇಸಗೆಯಲ್ಲಿ ನುಗ್ಗೆ ಸೊಪ್ಪು, ಮಾವಿನಕಾಯಿಯ ಗೊಜ್ಜು. ಭಾನುವಾರ ಮೊಟ್ಟೆಸಾರು, ತಿಂಗಳಿಗೊಮ್ಮೆ ಕೋಳಿ. ಉತ್ತರದ ಜಿಲ್ಲೆಗಳವರು ಇದೇ ಲೆಕ್ಕವನ್ನು ಜೋಳದ ರೊಟ್ಟಿ, ಝುಣಕ, ಪುಂಡಿಪಲ್ಯದಲ್ಲಿ ಹಾಕಿಯಾರು. ಕರಾವಳಿಯವರು ಕುಚ್ಚಲಕ್ಕಿ ಗಂಜಿಯಲ್ಲಿ. ಮಳೆ ಬಿದ್ದ ಮೇಲೆ ಎರಡು ತಿಂಗಳು ಸೊಪ್ಪಿಗೆ ನಾವು ಹಣವನ್ನೇ ಕೊಡುತ್ತಿರಲಿಲ್ಲ. ಅಣ್ಣೆಸೊಪ್ಪು, ಗಣಿಕೆ, ಹೊನಗೊನೆ, ಕಿರಕಸಾಲೆ, ಹೀಗೆ ಏಳೆಂಟು ಬಗೆ ಕಲೆಸಿದ ಬೆರಕೆಸೊಪ್ಪನ್ನು ಅಜ್ಜಿ ಮಡಿಲು ತುಂಬ ತರುತ್ತಿದ್ದಳು. ಈಗ ಕಳೆನಾಶಕದ ಔಷಧಿ ಹೊಡೆಯುವುದು ಎಲ್ಲೆಡೆ ಬಂದಿದೆ. ಕಳೆ ತೆಗೆಯುವ ಕೂಲಿ ಉಳಿಯಿತೆಂದು ನಮ್ಮ ನೆರೆಹೊಲದವರು ಸಂತೋಷಪಡುತ್ತಾರೆ. ನಮ್ಮ ಅಡಿಗೆಮನೆಯ ಪುಸ್ತಕದಲ್ಲಿ ಮಾತ್ರ ‘ಸೊಪ್ಪು, 20 ರೂಪಾಯಿ’ ಎಂಬುದು ಆಷಾಢ ಶ್ರಾವಣಗಳಲ್ಲೂ ಕಾಣಿಸಿಕೊಳ್ಳಲಾರಂಭಿಸಿದೆ. ಮತ್ತು ಅಜ್ಜಿಗೆ ಗೊತ್ತಿರುವ ಸೊಪ್ಪುಗಳಲ್ಲಿ ಅರ್ಧದಷ್ಟನ್ನೂ ನಾನು ಗುರುತಿಸಲಾರೆ; ಪದವಿ ಪಡೆಯುವವಳು ನಾನು.

ಇಲ್ಲಿಯವರೆಗೂ ನಮ್ಮ ಅತಿಥಿ ಮಹನೀಯರು ತಲೆದೂಗುತ್ತಾ ಬಂದಿರಬಹುದು. ಆದರೆ 97 ರೂಪಾಯಿಯ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿದೆ. ಗಡಿಯಾರವಿಟ್ಟು ನೋಡಿದೆ: ಸೊಪ್ಪು ಸೋಸುವುದರಿಂದ ಹಿಡಿದು ಪಾತ್ರೆ ಬೆಳಗಿ ಕವುಚುವವರೆಗೆ ಒಂದು ಮುಕ್ಕಾಲು ಗಂಟೆ. 2025-26ನೇ ಸಾಲಿಗೆ ಉದ್ಯೋಗ ಖಾತರಿ ಯೋಜನೆಯಲ್ಲಿ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು. ದಿನಕ್ಕೆ ಎಂಟು ಗಂಟೆಯೆಂದರೆ ಗಂಟೆಗೆ 46 ರೂಪಾಯಿಯ ಮೇಲೆ ನಾಲ್ಕಾಣೆ. ನನ್ನ ಒಂದು ಮುಕ್ಕಾಲು ಗಂಟೆಗೆ 81 ರೂಪಾಯಿ. ಮಣ್ಣು ಹೊರುವ ಕೆಲಸಕ್ಕಿಂತ ಮುದ್ದೆ ತೊಳಸುವುದು ಕೀಳಲ್ಲವೆಂದು ಇಟ್ಟುಕೊಂಡರೆ ನಮ್ಮ ರಾತ್ರಿಯೂಟದ ನಿಜವಾದ ಬೆಲೆ 178 ರೂಪಾಯಿ. ಫ್ರೈಡ್‌ ರೈಸಿನ 350ಕ್ಕೆ ಹೋಲಿಸಿದರೆ ಇದೂ ಅರ್ಧವೇ. ಆದ್ದರಿಂದ ಮನೆಯೂಟ ಅಗ್ಗವೆಂಬ ವಾದ ಕೂಲಿಯನ್ನು ಸೇರಿಸಿದರೂ ಬೀಳುವುದಿಲ್ಲ. ಹಾಗಿದ್ದೂ ಆ ಕೂಲಿಯನ್ನು ಯಾವ ಲೆಕ್ಕದಲ್ಲೂ ಸೇರಿಸದಿರುವುದೇಕೆ?

ಅರ್ಥಶಾಸ್ತ್ರಜ್ಞರಿಗೆ ಇದು ತಿಳಿಯದ ವಿಷಯವೇನಲ್ಲ. ಪಿಗೂ ಎಂಬ ಆಂಗ್ಲ ವಿದ್ವಾಂಸರು 1920ರಲ್ಲಿಯೇ ಕ್ಷೇಮದ ಅರ್ಥಶಾಸ್ತ್ರವನ್ನು ಕುರಿತ ತಮ್ಮ ಗ್ರಂಥದಲ್ಲಿ ಒಂದು ವಿಚಿತ್ರವನ್ನು ತೋರಿಸಿದ್ದರು. ಒಬ್ಬನು ಸಂಬಳ ಕೊಟ್ಟಿಟ್ಟುಕೊಂಡ ಮನೆಗೆಲಸದಾಕೆಯನ್ನೇ ಮದುವೆಯಾದರೆ, ಅವಳು ಮಾಡುವ ಕೆಲಸ ಅದೇ ಆಗಿದ್ದರೂ ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿ ಅಷ್ಟು ಕಡಿಮೆಯಾಗಿಬಿಡುತ್ತದೆ! ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಮುಂದಿನ ಬೆಂಚುಗಳಲ್ಲಿ ಕೂತಿದ್ದ ನಾವು ಅಷ್ಟಾಗಿ ನಗಲಿಲ್ಲ. 2024ರ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ 289 ನಿಮಿಷ ಸವೆಸುತ್ತಾರೆ, ಮಾಡುವ ಗಂಡಸರು 88 ನಿಮಿಷ. ಮಾಡುವ ಗಂಡಸರು ಎಂಬ ಮಾತಿಗೆ ಒತ್ತುಕೊಟ್ಟು ಓದಬೇಕು.

ಸಮಯದ ಹಂಚಿಕೆ ಹೀಗಾದರೆ ತಟ್ಟೆಯ ಹಂಚಿಕೆ ಹೇಗಿದೆ? ಬಸ್ಸಾರಿನ ಪಲ್ಯ ನಮ್ಮ ಮನೆಯಲ್ಲಿ ಎಲ್ಲರಿಗೂ ಪ್ರಿಯ. ಮೊದಲು ಅಪ್ಪ ಮತ್ತು ತಮ್ಮ, ಆಮೇಲೆ ಅಜ್ಜಿ, ಕೊನೆಗೆ ಅವ್ವ ಎಂಬ ಸರದಿಯಲ್ಲಿ ಕೂತಾಗ ಅವ್ವನ ಪಾಲಿಗೆ ಬರುತ್ತಿದ್ದುದು ಸಾರು ಮತ್ತು ಪಾತ್ರೆಯ ತಳ. ಕಾಳು, ಸೊಪ್ಪು ಹೋದದ್ದೆಲ್ಲ ಮುಂದಿನ ಪಂಕ್ತಿಗೆ. ಇದಕ್ಕೆ ಯಾರೂ ದುಷ್ಟರಾಗಿರಬೇಕಾಗಿಲ್ಲ. ಕೇಳಿದಷ್ಟು ಬಡಿಸುತ್ತಿದ್ದವಳು ಅವಳೇ. ಒಂದು ಆರೋಗ್ಯ ತಪಾಸಣೆಯ ಶಿಬಿರದಲ್ಲಿ ಅವಳ ರಕ್ತದ ಹಿಮೋಗ್ಲೋಬಿನ್‌ 9 ಗ್ರಾಂ ಎಂದು ಚೀಟಿ ಬರೆದುಕೊಟ್ಟರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆಯೆಂದು ಹೇಳಿದೆ, ಆ 47.8ರಲ್ಲಿ ಒಬ್ಬಳು ನಮ್ಮ ಮನೆಯಲ್ಲೇ ಇದ್ದಳೆಂಬುದು ಆ ಚೀಟಿ ಬಂದ ಮೇಲೆ ತಿಳಿಯಿತು. ಮಾತ್ರೆ ಕೊಟ್ಟರು, ನುಂಗಿದಳು. ಆದರೆ ಸೊಪ್ಪು ಬೇಯಿಸುವ ಮನೆಯಲ್ಲಿ ಸೊಪ್ಪು ತಿನ್ನದವಳು ಒಬ್ಬಳಿದ್ದಾಳೆಂಬುದು ಮಾತ್ರೆಯಿಂದ ತೀರುವ ವಿಷಯವೇ?

ಅಂದಿನಿಂದ ಎರಡು ಕಟ್ಟಳೆ ಮಾಡಿದೆ. ಅವ್ವ ಬಸ್ಸಿಳಿದು ಕೈಕಾಲು ತೊಳೆಯುವವರೆಗೆ ಯಾರೂ ತಟ್ಟೆಯ ಮುಂದೆ ಕೂರುವಂತಿಲ್ಲ. ಪಲ್ಯವನ್ನು ಮೊದಲೇ ಐದು ಬಟ್ಟಲಿಗೆ ಹಾಕಿಡುವುದು. ಊಟವಾದೊಡನೆ ಚಹ ಕುಡಿಯುವ ಅಪ್ಪ ಅವ್ವರ ಅಭ್ಯಾಸವನ್ನು ಒಂದು ಗಂಟೆ ಮುಂದಕ್ಕೆ ತಳ್ಳಲೂ ಯತ್ನಿಸಿದೆ, ಏಕೆಂದರೆ ಸೊಪ್ಪು ಕಾಳುಗಳ ಕಬ್ಬಿಣದಂಶ ಮೈಗೆ ಸೇರುವುದಕ್ಕೆ ಚಹ ಅಡ್ಡಿ, ನಿಂಬೆಹಣ್ಣು ಸಹಾಯ. ನಿಂಬೆ ಹಿಂಡುವುದು ಒಪ್ಪಿಗೆಯಾಯಿತು. ಚಹದ ವಿಷಯದಲ್ಲಿ ನಾನು ಗೆದ್ದಿಲ್ಲ.

ಮೂರನೆಯದು ತಮ್ಮನ ವಿಷಯ. ಮುದ್ದೆಗೆ ಬೇಕಾದದ್ದು ತೋಳಬಲವೆಂದು ಆಗಲೇ ಹೇಳಿದೆನಷ್ಟೆ. ವಾಲಿಬಾಲಿನಲ್ಲಿ ತಾಲ್ಲೂಕು ಮಟ್ಟಕ್ಕೆ ಹೋಗಿಬಂದ ಹದಿನೇಳು ವರ್ಷದ ಹುಡುಗ ಅಡಿಗೆಮನೆಯ ಹೊಸ್ತಿಲಲ್ಲಿ ಮೊಬೈಲು ಹಿಡಿದು ಕೂತಿರುವಾಗ, ಪರೀಕ್ಷೆಯ ಹಿಂದಿನ ರಾತ್ರಿ ನಾನು ಕೋಲು ಹಿಡಿದು ತೊಳಸುವುದು ಶ್ರಮವಿಭಜನೆಯ ಯಾವ ಸಿದ್ಧಾಂತಕ್ಕೂ ಹೊಂದುವುದಿಲ್ಲ. ಆಡಂ ಸ್ಮಿತ್‌ ಕೂಡ ಒಪ್ಪುತ್ತಿರಲಿಲ್ಲ. ವಾರಕ್ಕೆ ಎರಡು ರಾತ್ರಿ ನಿನ್ನದು ಎಂದೆ. ಗಂಡುಹುಡುಗ ಹಿಟ್ಟಿನ ಕೋಲು ಹಿಡಿದರೆ ಮನೆಗೆ ಏಳಿಗೆಯಿಲ್ಲವೆಂದು ಅಜ್ಜಿ ಗೊಣಗಿದಳು. ಮದುವೆಮನೆಗಳಲ್ಲಿ ಕೊಪ್ಪರಿಗೆಗಟ್ಟಲೆ ಅಡಿಗೆ ಮಾಡುವವರು, ಹೋಟೆಲಿನ ಒಲೆಯ ಮುಂದೆ ನಿಲ್ಲುವವರು ಯಾರಜ್ಜಿ ಎಂದು ಕೇಳಿದೆ. ಅದು ಸಂಬಳಕ್ಕೆ, ಇದು ಮನೆಗೆ ಎಂದಳು. ಅಕ್ಷರ ಬಾರದ ಅಜ್ಜಿ ಪಿಗೂ ಅವರ ಸಮಸ್ಯೆಯನ್ನು ನಾಲ್ಕು ಮಾತಿನಲ್ಲಿ ಹೇಳಿದ್ದಳು. ಅಪ್ಪ ಏನೂ ಹೇಳಲಿಲ್ಲ. ತಮ್ಮ ಮೊದಲ ದಿನ ಕಟ್ಟಿದ ಮುದ್ದೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಗಂಟಿದ್ದ ಕಡೆ ಮುರಿದು ಪಕ್ಕಕ್ಕಿಟ್ಟು, ಉಳಿದದ್ದನ್ನು ಉಂಡರು.

ಈಗ ಕಾಲೇಜಿನ ಕಡೆಗೆ ಬರುತ್ತೇನೆ. ಪ್ರತಿವರ್ಷ ಮಾರ್ಚಿಯಲ್ಲಿ ಮಹಿಳಾ ದಿನಾಚರಣೆಯ ಅಂಗವಾಗಿ ಇಲ್ಲಿ ಅಡಿಗೆಯ ಸ್ಪರ್ಧೆ ನಡೆಯುತ್ತದೆ. ಸ್ಪರ್ಧಿಗಳು ವಿದ್ಯಾರ್ಥಿನಿಯರು, ರುಚಿ ನೋಡುವುದಕ್ಕೆ ವಿದ್ಯಾರ್ಥಿಗಳು ಸಾಲುಗಟ್ಟಿ ಬರುತ್ತಾರೆ. ಮಹಿಳೆಯರ ದಿನದಂದೂ ಮಹಿಳೆಯರಿಂದಲೇ ಅಡಿಗೆ ಮಾಡಿಸುವ ಕ್ರಮದಲ್ಲಿರುವ ವಿನೋದ ಏರ್ಪಾಡು ಮಾಡಿದವರಿಗೆ ಹೊಳೆದಂತಿಲ್ಲ. ಮತ್ತು ಬಹುಮಾನ ಹೋಗುವುದು ಬೆಣ್ಣೆ, ಗೋಡಂಬಿ, ಪನೀರುಗಳಿಗೆ. ಈ ಸ್ಪರ್ಧೆಯನ್ನು ಮುಂದಿನ ವರ್ಷ ಹೀಗೆ ನಡೆಸಬಹುದೆಂದು ಪ್ರಾಚಾರ್ಯರಲ್ಲಿಯೂ ಅಧ್ಯಾಪಕವೃಂದದಲ್ಲಿಯೂ ವಿನಯಪೂರ್ವಕವಾಗಿ ಸೂಚಿಸುತ್ತೇನೆ: ಐದು ಜನರ ರಾತ್ರಿಯೂಟ, ನೂರು ರೂಪಾಯಿಯ ಮಿತಿ, ಒಂದೂವರೆ ಗಂಟೆಯ ಅವಧಿ, ಖರ್ಚಿನ ಚೀಟಿ ತೋರಿಸಬೇಕು, ಪಾತ್ರೆ ತಾವೇ ತೊಳೆಯಬೇಕು. ಸ್ಪರ್ಧಿಗಳು ವಿದ್ಯಾರ್ಥಿಗಳು, ಅಂದರೆ ಗಂಡುಮಕ್ಕಳು. ತೀರ್ಪುಗಾರರಾಗಿ ನಮ್ಮ ತಾಯಂದಿರನ್ನು ಕರೆಯೋಣ. ನಮ್ಮಲ್ಲಿ ಬಹಳ ಮಂದಿಯ ತಾಯಂದಿರು ಈ ಕಾಲೇಜಿನ ಒಳಗೆ ಕಾಲಿಟ್ಟೇ ಇಲ್ಲ. ಅವರಿಗೆ ಚೆನ್ನಾಗಿ ತಿಳಿದಿರುವ ಒಂದು ವಿಷಯದಲ್ಲಿ ಪರೀಕ್ಷಕರಾಗಿ ಅವರು ಮೊದಲ ಸಲ ಇಲ್ಲಿಗೆ ಬರಲಿ. ಬೆಲೆ ಏರಿ ನೂರು ಸಾಲದೆಹೋದರೆ ನೂರಹತ್ತು ಮಾಡಿಕೊಳ್ಳಬಹುದು, ಆ ವಿಷಯದಲ್ಲಿ ನನ್ನ ಹಟವಿಲ್ಲ.

ಇದರಿಂದ ಏನು ಸಾಧಿಸಿದಂತಾಯಿತು ಎಂದು ಕೇಳುವ ಸ್ನೇಹಿತರಿದ್ದಾರೆ. ಬಿ.ಎ. ಮುಗಿದ ಮೇಲೆ ನಮ್ಮಲ್ಲಿ ಅರ್ಧ ಜನ ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ನಾಲ್ಕೈದು ಮಂದಿ ಸೇರಿ ಒಂದು ಕೋಣೆ ಹಿಡಿದು ಬಾಳುವವರು. ಹೋಗಿ ಬಂದ ಹಿರಿಯ ವಿದ್ಯಾರ್ಥಿಗಳನ್ನು ಕೇಳಿದ್ದೇನೆ: ಮೊದಲ ಸಂಬಳದಲ್ಲಿ ಬಾಡಿಗೆ ಕಳೆದು ಉಳಿದದ್ದು ಹೋಟೆಲಿಗೆ ಹೋಯಿತು, ಮನೆಗೆ ಕಳಿಸಲು ಏನೂ ಉಳಿಯಲಿಲ್ಲ ಎನ್ನುತ್ತಾರೆ. ಒಂದು ಕುಕ್ಕರು, ಒಂದು ಕೋಲು, ಅರ್ಧ ಸೇರು ಹುರುಳಿ ಇವರ ಬಳಿ ಇದ್ದಿದ್ದರೆ, ಮತ್ತು ನಾಲ್ವರೂ ಸರದಿಯಂತೆ ಕೋಲು ಹಿಡಿದಿದ್ದರೆ, ಆ ಹಣದ ಬಹುಭಾಗ ಊರಿಗೆ ಬರುತ್ತಿತ್ತು. ಆ ಹಣವನ್ನು ಎದುರುನೋಡುತ್ತಿದ್ದವರು ಇವರನ್ನು ಓದಿಸುವುದಕ್ಕಾಗಿ ತಮ್ಮ ಬಟ್ಟಲಿನ ಪಲ್ಯವನ್ನು ಬಿಟ್ಟುಕೊಟ್ಟವರು.

ಅತಿಥಿ ಮಹನೀಯರಿಗೆ ನನ್ನ ಉತ್ತರ ಇಷ್ಟರಲ್ಲಿ ಬಂದಿರಬೇಕು. ಅವರು ಮತ್ತೊಮ್ಮೆ ಬಂದರೆ, ಅವರ ಮನೆಯಲ್ಲಿ ಅಂದಿನ ಸಾರಿಗೆ ಸೊಪ್ಪು ಸೋಸಿದವರು ಯಾರು ಎಂದು ಕೇಳಬೇಕೆಂದಿದ್ದೇನೆ.

ನನ್ನ ಲೆಕ್ಕದ ನೋಟುಪುಸ್ತಕವನ್ನು ನೋಡಬಯಸುವವರು ಧಾರಾಳವಾಗಿ ಕೇಳಬಹುದು. ಎಣ್ಣೆಯ ಕಲೆಯಾಗಿದೆ, ಮನ್ನಿಸಬೇಕು. ಬುಧವಾರ ಮತ್ತು ಶನಿವಾರಗಳ ಎದುರಿಗೆ ಈಗ ತಮ್ಮನ ಹೆಸರಿದೆ. ಮುದ್ದೆಯಲ್ಲಿ ಗಂಟು ನಿಂತಿದೆ, ಸಾರಿಗೆ ಉಪ್ಪು ಇನ್ನೂ ಹಿಡಿತಕ್ಕೆ ಬಂದಿಲ್ಲ. ಬೆಳಿಗ್ಗೆ ಹುರುಳಿ ನೆನೆಹಾಕುವುದನ್ನು ಮಾತ್ರ ನಾನೇ ನೆನಪು ಮಾಡಬೇಕು.